ಒಗ್ಗದ ವೃತ್ತಿ: ಬಾಸೆಲ್ ಮಿಶನ್ನಿನ ಚರಿತ್ರೆಯಿಂದ ಒಂದು ವಿಚಾರ

ವೃತ್ತಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಾರು ಯಾವ ಕೆಲಸವನ್ನು ಮಾಡಿದರು, ಅದರಿಂದ ಏನು ಉತ್ಪನ್ನವಾಯಿತು, ಎಷ್ಟು ಆದಾಯ ಬಂದಿತು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತರೆ ತೃಪ್ತರಾಗುತ್ತಾರೆ. ಆ ಕೆಲಸವು ಅದನ್ನು ಮಾಡುವವನಿಗೆ ಒಗ್ಗಿತ್ತೇ, ಒಗ್ಗದಿದ್ದರೆ ಅವನು ಏನು ಮಾಡಿದನು, ಕೆಲಸವನ್ನು ಕೊಟ್ಟ ಸಂಸ್ಥೆ ಏನು ಮಾಡಿತು ಎಂಬ ಪ್ರಶ್ನೆಗಳು ನಮ್ಮ ಇತಿಹಾಸಗ್ರಂಥಗಳಲ್ಲಿ ಬಹು ವಿರಳ. ಇದಕ್ಕೆ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ದಫ್ತರಗಳು ಆದ ಕೆಲಸವನ್ನು ಲೆಕ್ಕವಿಡುತ್ತವೆಯೇ ಹೊರತು ಆಗದ ಕೆಲಸವನ್ನಲ್ಲ. ಮನಸ್ಸಿಲ್ಲದೆ ಮಗ್ಗದ ಮುಂದೆ ಕುಳಿತವನ ಬಟ್ಟೆಯೂ ಗಜಕ್ಕಿಷ್ಟೆಂದೇ ಮಾರಾಟವಾಗುತ್ತದೆ.

ಈ ಪ್ರಶ್ನೆಯನ್ನು ವಿವೇಚಿಸಲು ಅನುಕೂಲವಾದ ಕ್ಷೇತ್ರವೊಂದು ನಮ್ಮ ನಾಡಿನಲ್ಲಿಯೇ ಇದೆ. ಅದು ೧೮೩೪ರಿಂದ ಮೊದಲನೆಯ ಮಹಾಯುದ್ಧದವರೆಗೆ ದಕ್ಷಿಣ ಕನ್ನಡ, ಧಾರವಾಡ, ಕೊಡಗು ಮೊದಲಾದ ಕಡೆಗಳಲ್ಲಿ ಕೆಲಸ ಮಾಡಿದ ಬಾಸೆಲ್ ಮಿಶನ್. ಈ ಸಂಸ್ಥೆ ತನ್ನ ಪ್ರತಿಯೊಬ್ಬ ಪಾದ್ರಿಯಿಂದಲೂ ನಿಯತವಾಗಿ ವರದಿಗಳನ್ನು ಬರೆಯಿಸಿಕೊಳ್ಳುತ್ತಿತ್ತು; ಬರೆದುದನ್ನು ಜೋಪಾನವಾಗಿ ಇಡುತ್ತಿತ್ತು. ಇದರ ಫಲವಾಗಿ, ಬೇರೆಡೆಗಳಲ್ಲಿ ಮನಸ್ಸಿನಲ್ಲಿಯೇ ಉಳಿದುಹೋಗುವ ಅಸಮಾಧಾನಗಳು ಇಲ್ಲಿ ಕಾಗದದ ಮೇಲೆ ಉಳಿದಿವೆ. ಅಷ್ಟೇ ಅಲ್ಲದೆ, ಈ ಒಂದೇ ಸಂಸ್ಥೆಯಲ್ಲಿ ಒಗ್ಗದ ವೃತ್ತಿಯ ಎರಡು ಬಗೆಗಳು ಒಂದೇ ಕಾಲದಲ್ಲಿ ಕಾಣಸಿಗುತ್ತವೆ. ಒಂದು, ಧರ್ಮಪ್ರಚಾರಕ್ಕೆಂದು ಬಂದು ಅದಕ್ಕೆ ತಕ್ಕವರಲ್ಲವೆನಿಸಿಕೊಂಡ ವಿದ್ವಾಂಸರೊಬ್ಬರದು. ಇನ್ನೊಂದು, ಮತಾಂತರ ಹೊಂದಿದ ಕಾರಣದಿಂದಲೇ ಪೂರ್ವಿಕರ ಕಸುಬನ್ನು ಕಳೆದುಕೊಂಡು, ತಮಗೆ ತಿಳಿಯದ ಕೆಲಸಗಳಿಗೆ ಸೇರಬೇಕಾಗಿ ಬಂದ ಸಾಮಾನ್ಯ ಜನರದು. ಮೊದಲನೆಯದನ್ನು ಕನ್ನಡಿಗರೆಲ್ಲರೂ ಬಲ್ಲರು. ಎರಡನೆಯದನ್ನು ಬಲ್ಲವರು ಕಡಮೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದ ಹೊರತು ಎರಡರಲ್ಲಿ ಯಾವುದರ ಸ್ವರೂಪವೂ ಸರಿಯಾಗಿ ತಿಳಿಯದೆಂಬುದು ನಮ್ಮ ಅಭಿಪ್ರಾಯ.

ಬಾಸೆಲ್ ಮಿಶನ್ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾಯಿತು. ೧೮೩೩ರ ಸನ್ನದು ಕಾಯಿದೆಯ ಮೂಲಕ ಬ್ರಿಟಿಷರಲ್ಲದ ಪಾದ್ರಿಗಳಿಗೂ ಕಂಪನಿಯ ಸೀಮೆಯಲ್ಲಿ ಪ್ರವೇಶ ದೊರೆತ ಮೇಲೆ, ೧೮೩೪ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರನ್ನು ತಮ್ಮ ಕೇಂದ್ರವಾಗಿ ಮಾಡಿಕೊಂಡರು. ಈ ಮಿಶನ್ನಿಗೆ ಸೇರುತ್ತಿದ್ದ ತರುಣರು ಬಹುಮಟ್ಟಿಗೆ ದಕ್ಷಿಣ ಜರ್ಮನಿಯ ವೂರ್ಟೆಂಬೆರ್ಗ್ ಪ್ರಾಂತದ ರೈತರ ಮತ್ತು ಕುಶಲಕರ್ಮಿಗಳ ಮನೆಯ ಮಕ್ಕಳು. ದೇವಭಕ್ತಿ, ಮೈಮುರಿಯುವ ದುಡಿಮೆ, ಹಿರಿಯರ ಆಜ್ಞೆಗೆ ವಿಧೇಯತೆ, ಇವು ಅವರ ಶಿಕ್ಷಣದ ತಿರುಳಾಗಿದ್ದುವು. ೧೮೫೦ರಲ್ಲಿ ಯೋಸೆಫ್ ಯೋಸೆನ್‌ಹಾನ್ಸರು ಮಿಶನ್ನಿನ ಇನ್ಸ್‌ಪೆಕ್ಟರರಾಗಿ ಅಧಿಕಾರಕ್ಕೆ ಬಂದರು. ಮುಂದೆ ೧೮೭೯ರವರೆಗೆ ಅವರ ಕಾಲದಲ್ಲಿ ಈ ವಿಧೇಯತೆ ಇನ್ನೂ ಬಿಗಿಯಾಯಿತು. ಪಾದ್ರಿ ಎಲ್ಲಿರಬೇಕು, ಏನು ಮಾಡಬೇಕು ಎಂಬುದನ್ನು ಮಾತ್ರವಲ್ಲ, ಯಾವಾಗ ಮದುವೆಯಾಗಬಹುದು ಎಂಬುದನ್ನೂ ಬಾಸೆಲಿನ ಸಮಿತಿಯೇ ನಿರ್ಧರಿಸುತ್ತಿತ್ತು.

ಫರ್ಡಿನಾಂಡ್ ಕಿಟ್ಟೆಲರು ಈ ವ್ಯವಸ್ಥೆಯೊಳಕ್ಕೆ ಕಾಲಿಟ್ಟದ್ದು ಇದೇ ೧೮೫೦ರಲ್ಲಿ. ಅವರು ೧೮೩೨ರಲ್ಲಿ ಹುಟ್ಟಿದ್ದು ಜರ್ಮನಿಯ ವಾಯವ್ಯ ಅಂಚಿನಲ್ಲಿ ಸಮುದ್ರಕ್ಕೆ ತಾಗಿಕೊಂಡಿರುವ ಪೂರ್ವ ಫ್ರೀಸ್‌ಲೆಂಡಿನಲ್ಲಿ, ತಂದೆ ಪಾದ್ರಿ. ಔರಿಕ್ ಪಟ್ಟಣದ ಪ್ರೌಢಶಾಲೆಯಲ್ಲಿ ಗ್ರೀಕ್, ಲ್ಯಾಟಿನ್, ಹೀಬ್ರೂ ಮೊದಲಾದ ಭಾಷೆಗಳನ್ನು ಕಲಿತು ಬಂದವರು. ಹೀಗೆ ಹುಟ್ಟಿದ ಸೀಮೆಯಿಂದಲೂ ಮನೆತನದಿಂದಲೂ ವಿದ್ಯೆಯಿಂದಲೂ ಅವರು ತಮ್ಮ ಸಹಪಾಠಿಗಳಿಗೆ ಹೊರಗಿನವರಾಗಿದ್ದರು. ಮುಂದೆ ಕಾಣಿಸಿಕೊಂಡ ವಿರಸಗಳಿಗೆ ಅವರ ಸ್ವಭಾವವನ್ನೇ ಹೊಣೆಮಾಡುವುದು ವಾಡಿಕೆ. ಆದರೆ ಈ ಸಾಮಾಜಿಕ ಅಂತರವನ್ನು ಮರೆತು ಸ್ವಭಾವವೊಂದನ್ನೇ ಹೇಳುವುದು ಅರ್ಧ ಸತ್ಯವಾದೀತು.

೧೮೫೩ರಲ್ಲಿ ಕಿಟ್ಟೆಲರು ಭಾರತಕ್ಕೆ ಬಂದರು, ಧಾರವಾಡದಲ್ಲಿ ನಿಂತರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಹೊಸದಾಗಿ ಬಂದ ಪಾದ್ರಿಯಿಂದ ಮಿಶನ್ ನಿರೀಕ್ಷಿಸುತ್ತಿದ್ದುದು ಸ್ಪಷ್ಟವಾಗಿತ್ತು: ಸಾರುವುದಕ್ಕೆ ಬೇಕಾಗುವಷ್ಟು ಭಾಷೆಯನ್ನು ಬೇಗನೆ ಕಲಿಯಬೇಕು, ಸಂತೆ ಜಾತ್ರೆಗಳಲ್ಲಿ ನಿಂತು ಉಪದೇಶಿಸಬೇಕು, ಶಾಲೆಗಳನ್ನು ನೋಡಿಕೊಳ್ಳಬೇಕು, ಸೇರಿದ ಸಭೆಯವರ ಸುಖದುಃಖಗಳನ್ನು ವಿಚಾರಿಸಬೇಕು, ಲೆಕ್ಕಪತ್ರಗಳನ್ನು ಇಡಬೇಕು. ಕಿಟ್ಟೆಲರು ಭಾಷೆಯನ್ನು ಕಲಿಯತೊಡಗಿದರು; ಆದರೆ ಕಲಿಕೆಯನ್ನು ನಿಲ್ಲಿಸಲಿಲ್ಲ. ಸಾಕೆನ್ನುವಷ್ಟು ಎಂಬ ಮೇರೆ ಅವರಿಗೆ ತಿಳಿಯಲಿಲ್ಲವೆಂದೇ ಹೇಳಬೇಕು. ಭಾರತೀಯರ ನಡುವೆ ಭಾರತೀಯನಾಗಿರಬೇಕೆಂಬುದು ಅವರ ನಿಲುವಾಗಿತ್ತು. ಕಾಲ್ನಡಿಗೆಯಲ್ಲಿ ಹಳ್ಳಿಗಳನ್ನು ಸುತ್ತಿದರು. ಜನರ ಮಾತಿಗೆ ಕಿವಿಗೊಟ್ಟರು. ಪಂಡಿತರ ಬಳಿ ಕುಳಿತು ಹಳಗನ್ನಡ ಕಾವ್ಯಗಳನ್ನೂ ಸಂಸ್ಕೃತವನ್ನೂ ಓದಿದರು. ಸಹೋದ್ಯೋಗಿಗಳ ಕಣ್ಣಿಗೆ ಇದು ಕರ್ತವ್ಯಲೋಪವಾಗಿ ತೋರಿದುದು ಸಹಜವೇ. ಒಬ್ಬಂಟಿಗ, ತನ್ನ ಹಾದಿಯೇ ತನಗೆನ್ನುವವ, ಸಭೆಯ ಕೆಲಸಕ್ಕೆ ಒದಗದವ ಎಂಬ ಹೆಸರು ಅವರಿಗೆ ಬಂದಿತು. ಅವರ ಜೀವನದ ಬಗೆಗೆ ಈಚೆಗೆ, ೨೦೦೬ರಲ್ಲಿ, ಜರ್ಮನ್ ಇತಿಹಾಸಜ್ಞ ರೈನ್‌ಹಾರ್ಡ್ ವೆಂಡ್ಟರು ಸಂಪಾದಿಸಿ ಪ್ರಕಟಿಸಿದ ಲೇಖನಸಂಪುಟವು, ಬದುಕಿನ ಮೊದಲ ಭಾಗದ ಸೋಲನ್ನೂ ಮರಣಾನಂತರದ ಗೆಲವನ್ನೂ ತನ್ನ ಶಿರೋನಾಮೆಯಲ್ಲಿಯೇ ಸೇರಿಸಿಕೊಂಡಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕನ್ನಡದ ವ್ಯಾಸಂಗವೆಂಬುದು ಈ ಮಿಶನ್ನಿಗೆ ಹೊಸತಾಗಿರಲಿಲ್ಲವಷ್ಟೆ? ೧೮೩೬ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ೧೮೪೮ರಿಂದ ೧೮೫೩ರವರೆಗೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಪ್ರಾಚೀನ ಕೃತಿಗಳನ್ನು ಅಚ್ಚುಹಾಕಿಸಿದರು. ಅವರ ಬಂಧು ವೈಗ್ಲೆಯವರು ಬೈಬಲಿನ ಕನ್ನಡ ಅನುವಾದವನ್ನು ತಿದ್ದುವ ಕೆಲಸದಲ್ಲಿ ತೊಡಗಿದ್ದು ೧೮೫೫ರಲ್ಲಿ ತೀರಿಕೊಂಡರು. ಇವರಿಬ್ಬರಿಗೂ ವೃತ್ತಿಯಲ್ಲಿ ದೊರೆತ ಮರ್ಯಾದೆ ಕಿಟ್ಟೆಲರಿಗೆ ಮೊದಲಲ್ಲಿ ಏಕೆ ದೊರೆಯಲಿಲ್ಲ? ಇದಕ್ಕೆ ಎರಡು ಸಮಾಧಾನಗಳು ನಮಗೆ ತೋರುತ್ತವೆ. ಮೋಗ್ಲಿಂಗರೂ ವೈಗ್ಲೆಯವರೂ ತ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಮಿಶನ್ನಿನಲ್ಲಿ ಅಂಥವರಿಗೆ ಪ್ರತ್ಯೇಕವಾದ ಸ್ಥಾನವಿತ್ತು. ಕಿಟ್ಟೆಲರಾದರೋ ಮಿಶನ್ನಿನ ಪಾಠಶಾಲೆಯಲ್ಲಿಯೇ ತರಬೇತು ಪಡೆದವರು, ಆದಕಾರಣ ಸಾಮಾನ್ಯ ಪಾದ್ರಿಯ ಅಳತೆಗೋಲಿನಿಂದಲೇ ಅಳೆಯಲ್ಪಡತಕ್ಕವರು. ಮತ್ತೊಂದು, ಮೋಗ್ಲಿಂಗರು ಕೆಲಸ ಮಾಡತೊಡಗಿದ್ದು ಯೋಸೆನ್‌ಹಾನ್ಸರಿಗೆ ಹಿಂದಿನ ಉದಾರವಾದ ಕಾಲದಲ್ಲಿ. ಕಿಟ್ಟೆಲರು ಬಂದದ್ದು ನಿಯಮಗಳು ಬಿಗಿಯಾದ ಮೇಲೆ. ಒಂದೇ ಬಗೆಯ ಮನೋಧರ್ಮ ಹತ್ತು ಹದಿನೈದು ವರ್ಷಗಳ ಅಂತರದಲ್ಲಿ ಒಮ್ಮೆ ಗುಣವೆಂದೂ ಇನ್ನೊಮ್ಮೆ ದೋಷವೆಂದೂ ಎಣಿಕೆಗೆ ಬಂದಿತು. ವೃತ್ತಿ ಒಗ್ಗುವುದು ಒಗ್ಗದಿರುವುದು ವ್ಯಕ್ತಿಯ ಗುಣವೊಂದರಿಂದಲೇ ಆಗುವಂಥದಲ್ಲ, ಸಂಸ್ಥೆಯ ಕಾಲಧರ್ಮವೂ ಅದರಲ್ಲಿ ಸೇರಿಕೊಂಡಿರುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕಿಟ್ಟೆಲರು ಕೆಲಸವನ್ನು ಬಿಡಲಿಲ್ಲ, ಮಿಶನ್ ಅವರನ್ನು ಕೈಬಿಡಲೂ ಇಲ್ಲ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಅವರು ಇದ್ದರು. ಈ ವರ್ಷಗಳಲ್ಲಿ ಮಿಶನ್ನಿಗೆ ಉಪಯುಕ್ತವೂ ತಮಗೆ ಪ್ರಿಯವೂ ಆದ ಒಂದು ಕೆಲಸ ಅವರಿಗೆ ಕ್ರಮೇಣ ಸಿಕ್ಕಿತು: ಪುಸ್ತಕಗಳನ್ನು ಸಿದ್ಧಪಡಿಸುವುದು. ಮಂಗಳೂರಿನ ಅಚ್ಚುಕೂಟಕ್ಕೆ ಶಾಲಾಪುಸ್ತಕಗಳು ಬೇಕಾಗಿದ್ದುವು. ಬೈಬಲಿನ ಭಾಷೆ ತಿದ್ದಾಗಬೇಕಾಗಿತ್ತು. ಮುಂದೆ ಬರುವ ಪಾದ್ರಿಗಳಿಗೆ ಕೋಶವೊಂದು ಬೇಕಾಗಿತ್ತು. ರೀವರ ಕನ್ನಡ ಕೋಶ ೧೮೩೨ರದು. ಅದನ್ನು ಸ್ಯಾಂಡರ್ಸನರು ೧೮೫೮ರಲ್ಲಿ ಪರಿಷ್ಕರಿಸಿದ್ದರೂ ಹಳಗನ್ನಡವನ್ನು ಓದುವವನಿಗೆ ಅದು ಸಾಲದಾಗಿತ್ತು. ೧೮೬೨ರಲ್ಲಿ ಕಿಟ್ಟೆಲರು ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ನಿರೂಪಿಸಿದ 'ಕಥಾಮಾಲೆ'ಯನ್ನು ಪ್ರಕಟಿಸಿದರು. ಇದರಲ್ಲಿ ಎರಡು ವೃತ್ತಿಗಳೂ ಒಂದು ಕ್ಷಣ ಕೈ ಕೂಡಿಸಿದಂತೆ ಕಾಣುತ್ತದೆ. ಅನಂತರ ವಿದ್ವತ್ತಿನ ಕಡೆಯ ತಕ್ಕಡಿಯೇ ತೂಗಿತು. ೧೮೭೨ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ, ೧೮೭೫ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು. ಅದೇ ೧೮೭೨ರಲ್ಲಿ ಹೊಸದಾಗಿ ಹುಟ್ಟಿದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಸಂಸ್ಕೃತ ಕೋಶಗಳಲ್ಲಿ ಸೇರಿಹೋಗಿರುವ ದ್ರಾವಿಡ ಶಬ್ದಗಳನ್ನು ಕುರಿತು ಬರೆದರು.

ಕೋಶದ ಕೆಲಸ ಇವೆಲ್ಲದರ ಅಡಿಯಲ್ಲಿ ಹರಿಯುತ್ತಿದ್ದ ಹೊಳೆ. ೧೮೭೭ರಲ್ಲಿ ತಾಯ್ನಾಡಿಗೆ ಹೋದ ಕಿಟ್ಟೆಲರು ೧೮೮೩ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಬಂದರು. ೧೮೯೨ರಲ್ಲಿ ಕಡೆಯ ಸಲ ಹೊರಟುಹೋದರು. 'ಕನ್ನಡ-ಇಂಗ್ಲಿಷ್ ನಿಘಂಟು' ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿತು. ಸಾವಿರದ ಏಳುನೂರು ಪುಟಗಳಿಗೆ ಮೀರಿದ, ಸುಮಾರು ಎಪ್ಪತ್ತು ಸಾವಿರ ಶಬ್ದಗಳನ್ನೊಳಗೊಂಡ ಗ್ರಂಥವಿದು. ಈ ಕೋಶವನ್ನು ತೆರೆದು ನೋಡಿದವರಿಗೆ ಎರಡು ಲಕ್ಷಣಗಳು ಕೂಡಲೆ ಎದ್ದು ಕಾಣುತ್ತವೆ. ಕಾವ್ಯಗಳಿಂದಲೂ ವ್ಯಾಕರಣಗಳಿಂದಲೂ ಎತ್ತಿದ ಪ್ರಯೋಗಗಳು ಒಂದು ಕಡೆ. ಗಾದೆಗಳು, ನುಡಿಗಟ್ಟುಗಳು, ಮೈಸೂರು ಸೀಮೆಯಲ್ಲಿ ಹೀಗೆ, ದಕ್ಷಿಣ ಮಹಾರಾಷ್ಟ್ರವೆಂದು ಅಂದು ಕರೆಯಿಸಿಕೊಳ್ಳುತ್ತಿದ್ದ ಧಾರವಾಡದ ಕಡೆಯಲ್ಲಿ ಹಾಗೆ ಎಂದು ಗುರುತುಹಾಕಿದ ಆಡುಮಾತುಗಳು ಇನ್ನೊಂದು ಕಡೆ. ಈ ಎರಡನೆಯ ಭಾಗ ಗ್ರಂಥಭಂಡಾರದಲ್ಲಿ ಕುಳಿತವನಿಗೆ ಸಿಕ್ಕುವಂಥದಲ್ಲ. ಉಪದೇಶಕ್ಕೆಂದು ಹಳ್ಳಿಗೆ ಹೋಗಿ, ಉಪದೇಶಿಸುವುದಕ್ಕಿಂತ ಹೆಚ್ಚಾಗಿ ಕೇಳಿಸಿಕೊಂಡು ಬಂದವನಿಗೆ ಮಾತ್ರ ಅದು ದೊರೆಯುತ್ತದೆ. ಒಗ್ಗದ ವೃತ್ತಿ ಕಿಟ್ಟೆಲರ ವಿದ್ವತ್ತಿಗೆ ಅಡ್ಡಿಯಾಯಿತೆಂದು ಹೇಳುವವರು ಈ ಅಂಶವನ್ನು ಗಮನಿಸಬೇಕು. ಅವರನ್ನು ಮೊದಲೇ ಒಂದು ವಿಶ್ವವಿದ್ಯಾನಿಲಯದ ಪೀಠದಲ್ಲಿ ಕೂರಿಸಿದ್ದರೆ ನಮಗೆ ಬೇರೊಂದು ಕೋಶ ದೊರೆಯುತ್ತಿತ್ತು, ಈ ಕೋಶವಲ್ಲ.

ಆದರೆ ಇದರಿಂದ, ಮಿಶನ್ನಿನವರು ಕುರುಡರು, ರತ್ನವನ್ನು ಗುರುತಿಸದೆ ಹೋದರು ಎಂದು ತೀರ್ಪು ಕೊಡುವುದು ನ್ಯಾಯವಲ್ಲ. ನಮ್ಮಲ್ಲಿ ಕಿಟ್ಟೆಲರನ್ನು ಕುರಿತ ಭಾಷಣಗಳು ಬಹುಮಟ್ಟಿಗೆ ಈ ಧಾಟಿಯಲ್ಲಿಯೇ ನಡೆಯುತ್ತವೆ. ಜರ್ಮನಿಯ, ಸ್ವಿಟ್ಜರ್‌ಲೆಂಡಿನ ಬಡ ಹಳ್ಳಿಗರು ಕಾಸು ಕಾಸು ಕೂಡಿಸಿ ಕೊಟ್ಟ ಹಣದಿಂದ ನಡೆಯುತ್ತಿದ್ದ ಸಂಸ್ಥೆ ಅದು. ಆ ಹಣ ಕೊಡಲಾದದ್ದು ಕೇಶಿರಾಜನ ಸೂತ್ರಗಳ ಪಾಠಾಂತರಗಳನ್ನು ಹೋಲಿಸುವುದಕ್ಕಲ್ಲ. ತಾವು ಗೊತ್ತುಮಾಡಿದ ಕೆಲಸವನ್ನು ಒಬ್ಬರು ಮಾಡುತ್ತಿಲ್ಲವೆಂದು ಅವರು ಬರೆದಿಟ್ಟುದು, ಅವರ ಅಳತೆಯ ಮಟ್ಟಿಗೆ, ನಿಜವೇ. ಕಿಟ್ಟೆಲರ ಪಾಲಿನ ಸಭಾಕಾರ್ಯವನ್ನು ಬೇರೆ ಯಾರೋ ಹೊತ್ತಿರಬೇಕೆಂಬುದನ್ನೂ ನಾವು ಮರೆಯಬಾರದು. ಕಿಟ್ಟೆಲರು ಪಾದ್ರಿಯಾಗಿ ಸೋತರು, ಕೋಶಕಾರರಾಗಿ ಗೆದ್ದರು ಎಂಬ ಎರಡು ಮಾತುಗಳೂ ಏಕಕಾಲದಲ್ಲಿ ನಿಜವಾಗಿರಬಹುದು; ಎರಡನೆಯದು ಮೊದಲನೆಯದನ್ನು ಅಳಿಸುವುದಿಲ್ಲ. ತ್ಯೂಬಿಂಗೆನ್ ವಿಶ್ವವಿದ್ಯಾನಿಲಯ ೧೮೯೬ರಲ್ಲಿ ಅವರಿಗೆ ಗೌರವ ಡಾಕ್ಟರೇಟು ಪದವಿಯನ್ನು ಕೊಟ್ಟಿತು. ೧೯೦೩ರಲ್ಲಿ ಅವರ ಇಂಗ್ಲಿಷಿನ ಕನ್ನಡ ವ್ಯಾಕರಣ ಪ್ರಕಟವಾಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಾಲವಾದರು. ಮದರಾಸು ವಿಶ್ವವಿದ್ಯಾನಿಲಯದ ಮೂಲಕ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕೋಶ ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದಿತು.

ಸರಕಾರಿ ನೌಕರಿಯಲ್ಲಿಯೂ ಇಂಥ ಸಂದರ್ಭಗಳು ಇದ್ದುವೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಫ್ಲೀಟರು ಮುಂಬಯಿ ಇಲಾಖೆಯ ಸಿವಿಲ್ ಅಧಿಕಾರಿ. ಶಾಸನಗಳಲ್ಲಿ ಅವರಿಗಿದ್ದ ಆಸಕ್ತಿಯನ್ನು ಕಂಡು ೧೮೮೩ರಲ್ಲಿ ಸರಕಾರ ಅವರಿಗಾಗಿಯೇ ಶಾಸನತಜ್ಞರ ಹುದ್ದೆಯೊಂದನ್ನು ನಿರ್ಮಿಸಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಅವರು ಮತ್ತೆ ಆಡಳಿತದ ಕೆಲಸಕ್ಕೆ ಹಿಂದಿರುಗಬೇಕಾಯಿತು. ಮೈಸೂರಿನಲ್ಲಿ ವಿದ್ಯಾ ಇಲಾಖೆಯ ರೈಸರ ಭಾಗ್ಯ ಇದಕ್ಕಿಂತ ಮೇಲಾಗಿತ್ತು. ೧೮೮೫ರಲ್ಲಿ ಸ್ಥಾಪಿತವಾದ ಪ್ರಾಚ್ಯವಸ್ತು ಸಂಶೋಧನ ಇಲಾಖೆ ಅವರ ಕೈಯಲ್ಲಿ ಬೆಳೆದು, ೧೯೦೬ರಲ್ಲಿ ಅವರು ನಿವೃತ್ತರಾದ ಮೇಲೂ ಉಳಿಯಿತು. ಮಿಶನ್ನಿನಲ್ಲಿ ಕಿಟ್ಟೆಲರಿಗಾಗಿ ಇಂಥ ಪ್ರತ್ಯೇಕ ಇಲಾಖೆಯೊಂದು ಹುಟ್ಟಲಿಲ್ಲ.

ಇನ್ನು ಅದೇ ಸಂಸ್ಥೆಯ ಇನ್ನೊಂದು ಮಗ್ಗುಲನ್ನು ನೋಡೋಣ. ಕರಾವಳಿಯಲ್ಲಿ ಮಿಶನ್ನಿಗೆ ಸೇರಿದವರಲ್ಲಿ ದೊಡ್ಡ ಪಾಲು ಬಿಲ್ಲವರದು. ಅವರ ಕಸುಬುಗಳಲ್ಲಿ ಮುಖ್ಯವಾದುದು ಮೂರ್ತೆ, ಎಂದರೆ ತೆಂಗು ತಾಳೆಗಳಿಂದ ಕಳ್ಳನ್ನು ಇಳಿಸುವುದು. ಹೊಂಬಾಳೆಯನ್ನು ಬಿಗಿದು ಕಟ್ಟಿ, ಹದವರಿತು ಬಡಿದು, ತುದಿಯನ್ನು ತೆಳ್ಳಗೆ ಕೊಯ್ದು ರಸವನ್ನು ತೊಟ್ಟಿಕ್ಕಿಸುವ ಈ ಕೆಲಸ ಕಣ್ಣಿಗೆ ಕಾಣುವಷ್ಟು ಸುಲಭವಾದುದಲ್ಲ. ಮರದಿಂದ ಮರಕ್ಕೆ, ಕಾಲದಿಂದ ಕಾಲಕ್ಕೆ ಅದರ ಹದ ಬೇರೆ. ತಲೆಮಾರುಗಳಿಂದ ಕೈಗೆ ಬಂದ ವಿದ್ಯೆ ಅದು. ಮದ್ಯಪಾನವನ್ನು ಪಾಪವೆಂದೆಣಿಸಿದ ಮಿಶನ್ ತನ್ನ ಸಭೆಯವರು ಈ ಕಸುಬಿನಲ್ಲಿ ಮುಂದುವರಿಯುವುದನ್ನು ಒಪ್ಪಲಿಲ್ಲ. ಹೀಗಾಗಿ ಕಸುಬು ಹೋಯಿತು. ಭೂಮಿಯೂ ಅನೇಕರಿಗೆ ಉಳಿಯಲಿಲ್ಲ. ಮತಾಂತರ ಹೊಂದಿದವನ ಪಿತ್ರಾರ್ಜಿತ ಹಕ್ಕನ್ನು ೧೮೫೦ರ ೨೧ನೆಯ ಕಾಯಿದೆ ರಕ್ಷಿಸುತ್ತಿತ್ತೆಂಬುದು ದಿಟ. ಆದರೆ ಚಾಲಗೇಣಿಯ ಒಕ್ಕಲಿಗೆ ರಕ್ಷಿಸಿಕೊಳ್ಳಬೇಕಾದ ಹಕ್ಕಾದರೂ ಎಲ್ಲಿತ್ತು? ಧಣಿಯ ಮನಸ್ಸು ಮುರಿದರೆ ಒಕ್ಕಲು ಎದ್ದುಹೋಗಬೇಕಾದ ಗೇಣಿ ಅದು. ನೆಂಟರಿಷ್ಟರ ನೆರವೂ ಜಾತಿಯ ಜೊತೆಯಲ್ಲಿಯೇ ತಪ್ಪುತ್ತಿತ್ತು.

ಆದುದರಿಂದ ಈ ಜನರಿಗೆ ಜೀವನೋಪಾಯವನ್ನು ಕಲ್ಪಿಸುವ ಹೊಣೆ ಮಿಶನ್ನಿನ ಮೇಲೆಯೇ ಬಿದ್ದಿತು. ಅದು ಮಾಡಿದ ಪ್ರಯೋಗಗಳು ಹಲವು. ಬೇಸಾಯ, ಬಡಗಿ ಕೆಲಸ, ಪುಸ್ತಕಗಳಿಗೆ ರಟ್ಟುಕಟ್ಟುವುದು, ಕೊನೆಗೆ ಗಡಿಯಾರ ತಯಾರಿಕೆ ಕೂಡ! ಗಡಿಯಾರದ ಕಾರ್ಯಾಗಾರವೆಂದರೆ ಇಂದು ನಮಗೆ ವಿನೋದವಾಗಿ ತೋರಬಹುದು. ಆದರೆ ಅದನ್ನು ಯೋಚಿಸಿದವರ ಬುದ್ಧಿ ಹೇಗೆ ಹರಿಯಿತೆಂಬುದು ಸ್ಪಷ್ಟ. ಅವರ ತಾಯ್ನಾಡಿನಲ್ಲಿ ಬಡ ಹಳ್ಳಿಗಳನ್ನು ಸಾಕುತ್ತಿದ್ದ ಗೃಹಕೈಗಾರಿಕೆ ಗಡಿಯಾರದ್ದು. ಅಲ್ಲಿ ಒಗ್ಗಿದುದು ಇಲ್ಲಿಯೂ ಒಗ್ಗೀತೆಂದು ನಂಬಿದರು. ಸೂರ್ಯನನ್ನು ನೋಡಿ ಹೊತ್ತನ್ನು ತಿಳಿಯುತ್ತಿದ್ದ ಊರಿನಲ್ಲಿ ಗಡಿಯಾರವನ್ನು ಕೊಳ್ಳುವವರು ಯಾರು? ಆ ಪ್ರಯತ್ನ ನಿಂತುಹೋಯಿತು. ನೇಯ್ಗೆ ಮಾತ್ರ ಊರಿಕೊಂಡಿತು. ೧೮೫೧ರಲ್ಲಿ ನೇಯ್ಗೆಯ ಕಸುಬನ್ನೇ ಬಲ್ಲ ಹಾಲರ್ ಎಂಬವರು ಮಂಗಳೂರಿಗೆ ಬಂದು ಯೂರೋಪಿನ ಮಾದರಿಯ ಮಗ್ಗಗಳನ್ನು ಹೂಡಿದರು. ಅವರ ಶಾಲೆಯಲ್ಲಿಯೇ ಖಾಕಿ ಮೊದಲು ಹುಟ್ಟಿತೆಂಬ ಮಾತು ಕರಾವಳಿಯಲ್ಲಿ ಇಂದಿಗೂ ಕೇಳಿಬರುತ್ತದೆ. ವಾಯವ್ಯ ಸರಹದ್ದಿನ ಗೈಡ್ಸ್ ಪಡೆ ೧೮೪೦ರ ದಶಕದಲ್ಲಿಯೇ ಆ ಬಣ್ಣವನ್ನು ತೊಟ್ಟಿದ್ದುದರಿಂದ ಈ ಮಾತನ್ನು ಹಾಗೆಯೇ ಒಪ್ಪಲಾಗದು. ಮಂಗಳೂರಿನಲ್ಲಿ ಅದಕ್ಕೆ ಒಳ್ಳೆಯ ಬಣ್ಣವೊಂದನ್ನು ಕಂಡುಹಿಡಿದರೆಂದು ಹೇಳಿದರೆ ಸಾಕು.

ಹಾಲರರಿಗೆ ಮಗ್ಗ ಹುಟ್ಟುಕಸುಬು. ಆದರೆ ಅವರ ಮುಂದೆ ಕುಳಿತ ಶಿಷ್ಯನಿಗೆ? ಬೆಳಗ್ಗೆ ಮರವೇರಿ ಇಳಿದು, ನಡುವಣ ಹೊತ್ತನ್ನು ತನ್ನ ಮನಸ್ಸಿನಂತೆ ಕಳೆದು, ಮತ್ತೆ ಸಂಜೆ ಮರವೇರುತ್ತಿದ್ದವನು ಈಗ ಗಂಟೆ ಬಾರಿಸಿದಾಗ ಒಳಹೊಕ್ಕು, ಪ್ರಾರ್ಥನೆ ಮುಗಿಸಿ, ಸೂರಿನಡಿಯಲ್ಲಿ ಒಂದೇ ಕಡೆ ದಿನವೆಲ್ಲ ಕೂರಬೇಕು. ಕೈ ಬದಲಾಗಬೇಕು, ಕಾಲು ಬದಲಾಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಹೊತ್ತಿನ ಲೆಕ್ಕವೇ ಬದಲಾಗಬೇಕು. ಮಿಶನ್ನಿನವರು ಈ ಶಿಸ್ತನ್ನು ಆತ್ಮಸಂಸ್ಕಾರದ ಒಂದು ಅಂಗವೆಂದೇ ಭಾವಿಸಿದ್ದರು. ದುಡಿಮೆ ಅವರಿಗೆ ಕೂಲಿಯ ಮಾತಾಗಿರದೆ ಧರ್ಮದ ಮಾತಾಗಿತ್ತು. ಆದಕಾರಣ ಇಲ್ಲಿ ಕೆಲಸ ಒಗ್ಗಲಿಲ್ಲವೆಂದು ಹೇಳುವುದಕ್ಕೂ ಭಕ್ತಿ ಸಾಲದೆಂದು ಒಪ್ಪಿಕೊಳ್ಳುವುದಕ್ಕೂ ಅಂತರ ತೆಳುವಾಗಿತ್ತು. ಪಾದ್ರಿ ತನ್ನ ಅಸಮಾಧಾನವನ್ನು ಬಾಸೆಲಿಗೆ ಬರೆಯಬಲ್ಲವನಾಗಿದ್ದನು. ಕೂಲಿಯವನು ತನ್ನದನ್ನು ಹೇಳಿಕೊಂಡರೆ ಅದನ್ನು ಬರೆಯುವವನು ಕೂಡ ಪಾದ್ರಿಯೇ.

ಹೆಂಚಿನ ಚರಿತ್ರೆ ಇದಕ್ಕಿಂತ ಸ್ವಾರಸ್ಯವಾದುದು. ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲನೆಯ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಪ್ಲೆಬ್ಸ್ಟ್ ಎಂಬವರು ಮೊದಲು ಬಂದದ್ದು ಅಚ್ಚುಕೂಟದ ಕೆಲಸಕ್ಕೆ. ಜೇಡಿಮಣ್ಣಿನ ವಿದ್ಯೆಯನ್ನು ಅವರು ಅನಂತರ ಜರ್ಮನಿಯಲ್ಲಿ ಕಲಿತುಬಂದರು. ಅಚ್ಚಿನ ಮೊಳೆಯಿಂದ ಹೆಂಚಿನ ಅಚ್ಚಿಗೆ ಬಂದ ಇವರನ್ನು ತಮ್ಮ ವೃತ್ತಿಯನ್ನು ತಾವೇ ಬದಲಿಸಿಕೊಳ್ಳಬಲ್ಲವರಾಗಿದ್ದವರ ಪಂಕ್ತಿಯಲ್ಲಿ ಎಣಿಸಬೇಕು. ಮಣ್ಣನ್ನು ಅರೆಯಲು ಒಂದು ಜೊತೆ ಎತ್ತು. ದಿನಕ್ಕೆ ೫೬೦ ಹೆಂಚು. ಕಾರ್ಖಾನೆ ಮೊದಲಾದುದು ಇಷ್ಟರಿಂದ. ಮುಳಿಹುಲ್ಲಿನ ಮಾಡಿಗೆ ಬೆಂಕಿಯ ಭಯ, ಕುಂಬಾರರ ನಾಡಹೆಂಚಿಗೆ ಭಾರವೂ ಸೋರಿಕೆಯೂ. ಒಂದರ ಅಂಚಿಗೊಂದು ಕೂಡಿಕೊಳ್ಳುವ ಈ ಹೊಸ ಹೆಂಚಿಗೆ ಹೆಚ್ಚು ಮಳೆಯ ಸೀಮೆಯಲ್ಲಿ ಬೇಡಿಕೆ ತಾನಾಗಿಯೇ ಬಂದಿತು. ನೇತ್ರಾವತಿ ಗುರುಪುರ ಹೊಳೆಗಳ ಜೇಡಿ, ದೋಣಿಯ ಸಾಗಣೆ, ಮಲೆನಾಡಿನ ಸೌದೆ, ಎಲ್ಲವೂ ಹತ್ತಿರದಲ್ಲಿದ್ದುವು. ಅನ್ಯರೂ ಈ ಉದ್ಯಮಕ್ಕೆ ಇಳಿದರು. 'ಮಂಗಳೂರು ಹೆಂಚು' ಎಂಬ ಹೆಸರು ದೇಶಾಂತರಗಳಿಗೆ ಹಬ್ಬಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮಿಶನ್ನಿನ ಉದ್ಯಮಗಳಲ್ಲಿ ನೆಲೆನಿಂತದ್ದು, ಬಂದವರ ಪೂರ್ವಕೌಶಲವನ್ನು ಬಳಸಿಕೊಂಡ ಕೆಲಸವಲ್ಲ. ಪೂರ್ವಕೌಶಲವೇ ಬೇಡವಾದ ಕೆಲಸ. ಹೆಂಚಿನ ಅಚ್ಚನ್ನು ಒತ್ತುವವನು ಕುಂಬಾರನಾಗಿರಬೇಕಾಗಿರಲಿಲ್ಲ. ಕೆಲಸವನ್ನು ಯಂತ್ರದ ಸುತ್ತ ಸಣ್ಣ ಸಣ್ಣ ಚೂರುಗಳಾಗಿ ಹಂಚಿದ್ದರಿಂದ, ಯಾರೂ ಅದಕ್ಕೆ ವಿಶೇಷವಾಗಿ ತಕ್ಕವರಾಗಿರಲಿಲ್ಲ, ತಕ್ಕವರಲ್ಲದವರೂ ಇರಲಿಲ್ಲ. ಒಗ್ಗದಿರುವಿಕೆಯೆಂಬ ಸಮಸ್ಯೆಗೆ ಮಿಶನ್ ಕಂಡುಕೊಂಡ ಪರಿಹಾರ ಇದು: ಮನುಷ್ಯನಿಗೆ ಒಗ್ಗುವ ಕೆಲಸವನ್ನು ಹುಡುಕುವುದಕ್ಕೆ ಬದಲಾಗಿ ಯಾರಿಗಾದರೂ ಒಗ್ಗಿಸಬಹುದಾದ ಕೆಲಸವನ್ನು ನಿರ್ಮಿಸುವುದು. ಇದರಿಂದ ಆದ ಒಳಿತನ್ನು ಅಲ್ಲಗಳೆಯುವಂತಿಲ್ಲ. ನಾನಾ ಜಾತಿಗಳಿಂದ ಬಂದವರು ಒಂದೇ ಸೂರಿನಡಿಯಲ್ಲಿ ದುಡಿದರು. ಹೆಂಗಸರ ಕೈಗೆ ಕೂಲಿ ಬಂದಿತು. ಕಾಯಿಲೆ ಬಿದ್ದವರಿಗೆ ನೆರವಾಗುವ ನಿಧಿಯೂ ಏರ್ಪಟ್ಟಿತು. ಚಾಲಗೇಣಿಯ ಒಕ್ಕಲಿಗೆ ಇವು ಯಾವುವೂ ಇದ್ದಿರಲಿಲ್ಲ. ಹೊಂಬಾಳೆಯ ಹದವನ್ನು ಬಲ್ಲ ಕೈಯ ವಿದ್ಯೆ ಮಾತ್ರ ಆ ಮನೆಗಳಲ್ಲಿ ಒಂದೆರಡು ತಲೆಮಾರುಗಳಲ್ಲಿ ಅಳಿದಿರಬೇಕು.

ಈಗ ಎರಡು ಸಂದರ್ಭಗಳನ್ನೂ ಎದುರುಬದುರಾಗಿ ಇಡಬಹುದು. ಕಿಟ್ಟೆಲರಿಗೆ ಒಗ್ಗದ ವೃತ್ತಿಯೊಳಗೆ ಒಗ್ಗುವ ಮೂಲೆಯೊಂದನ್ನು ಮಾಡಿಕೊಳ್ಳುವುದು ಸಾಧ್ಯವಾಯಿತು. ಅದಕ್ಕೆ ಅವರ ಛಲ ಕಾರಣ, ಪಾಂಡಿತ್ಯ ಕಾರಣ. ಜೊತೆಗೆ, ಫಲ ಕಾಣಿಸದ ವರ್ಷಗಳಲ್ಲಿಯೂ ಊಟಕ್ಕೂ ವಸತಿಗೂ ಕೊರತೆಯಾಗದಂತೆ ಮಿಶನ್ ನೋಡಿಕೊಂಡದ್ದೂ ಕಾರಣ. ಗೊಣಗುತ್ತಲೇ ಸಾಕಿತು, ಆದರೆ ಸಾಕಿತು. ದೊಡ್ಡ ಕೋಶವೊಂದು ಸಿದ್ಧವಾಗುವುದಕ್ಕೆ ಬೇಕಾದ ಕಾಲಾವಕಾಶ ಹೀಗೆ ಒದಗಿತು. ನೇಯ್ಗೆಶಾಲೆಯ ಕೂಲಿಯವನಿಗೆ ಇಂಥ ಅವಕಾಶವಿರಲಿಲ್ಲ. ಕೆಲಸ ತನಗೆ ಹಿಡಿಸದೆಂದು ತೋರಿದರೆ ಅವನ ಮುಂದೆ ಇದ್ದುದು ಎರಡೇ ದಾರಿ: ಒಗ್ಗಿಸಿಕೊಳ್ಳುವುದು, ಅಥವಾ ಬಿಟ್ಟುಹೋಗುವುದು. ಬಿಟ್ಟು ಎಲ್ಲಿಗೆ ಹೋಗಬೇಕು? ಹಿಂದಿನ ಕಸುಬಿಗೆ ಮರಳುವುದೆಂದರೆ ಸಭೆಯನ್ನೂ ಬಿಡುವುದೆಂದರ್ಥ. ಹೀಗಿರುವಾಗ ಅವರಲ್ಲಿ ಕಿಟ್ಟೆಲರಂಥವರು ಹುಟ್ಟಲಿಲ್ಲವೇಕೆ ಎಂದು ಕೇಳುವುದು ಅನುಚಿತ. ಹುಟ್ಟಿದ್ದರೂ ನಮಗೆ ತಿಳಿಯುವ ಬಗೆ ಇರಲಿಲ್ಲ. ವಿದ್ಯಾವಂತನ ಒಗ್ಗದ ವೃತ್ತಿ ಗ್ರಂಥವಾಗಿ ಉಳಿಯುತ್ತದೆ; ಅವಿದ್ಯಾವಂತನದು ಹಾಜರಿಯ ಪುಸ್ತಕದಲ್ಲಿ ಗೈರುಹಾಜರಿಯಾಗಿ ಉಳಿದರೆ ಹೆಚ್ಚು.

೧೯೧೪ರಲ್ಲಿ ಯುದ್ಧ ಆರಂಭವಾಯಿತು. ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿರಿಸಿತು; ಶತ್ರುರಾಷ್ಟ್ರದವರ ಸ್ವತ್ತೆಂದು ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದುವು. ಮಿಶನ್ನಿನ ವರದಿಗಳ ಧಾರೆ ಇಲ್ಲಿಗೆ ಮುರಿಯುತ್ತದೆ. ಅದಕ್ಕೆ ಹಿಂದಿನ ಕಾಗದಪತ್ರಗಳಲ್ಲಿ ಬಹುಪಾಲು ಬಾಸೆಲಿನಲ್ಲಿಯೂ, ಒಂದಷ್ಟು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ತಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿಯೂ ಇವೆ. ಅವುಗಳಲ್ಲಿ ಜರ್ಮನಿನ ಹಳೆಯ ಕೈಬರಹವನ್ನು ಓದಬಲ್ಲವರಿಗೆ ಕಿಟ್ಟೆಲರ ಅಸಮಾಧಾನ ಅವರ ಮಾತಿನಲ್ಲಿಯೇ ಸಿಕ್ಕುತ್ತದೆ. ಜೆಪ್ಪುವಿನ ಹೆಂಚಿನವರ ಮಾತು ಆ ಪೆಟ್ಟಿಗೆಗಳಲ್ಲಿ ನೇರವಾಗಿ ಸಿಕ್ಕುವುದು ದುರ್ಲಭ. ಅದನ್ನು ಪಾದ್ರಿಗಳ ದೂರುಗಳ ನಡುವಣ ಸಂದಿಗಳಲ್ಲಿಯೂ, ಆ ಕಾರ್ಖಾನೆಗಳಲ್ಲಿ ದುಡಿದವರ ಮನೆಗಳಲ್ಲಿ ತುಳು ಭಾಷೆಯಲ್ಲಿ ಉಳಿದಿರಬಹುದಾದ ನೆನಪುಗಳಲ್ಲಿಯೂ ಹುಡುಕಬೇಕಾಗಿದೆ. ತುಳುವನ್ನು ಮನೆಮಾತಾಗಿ ಉಳ್ಳ ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕೆಲಸವನ್ನು ಕೈಗೊಳ್ಳುವುದಾದರೆ ಮೊದಲು ಜೆಪ್ಪುವಿನ ಹಳೆಯ ಮನೆಗಳಿಂದಲೇ ಆರಂಭಿಸುವುದು ಲೇಸು.